ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಪುಟ್ಟ ವಿಮಾನದಲ್ಲಿ: ಸೀಟು ಕಾದಿರಿಸುವ ಮುನ್ನ ಈ ಲೆಕ್ಕ ತಿಳಿದಿರಲಿ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, ಸಮುದ್ರ ಮಟ್ಟದಿಂದ ಸುಮಾರು 1,930 ಮೀಟರ್. ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ನ್ಯಾಷನಲ್ ಪಾರ್ಕ್ ವಿಮಾನ ನಿಲ್ದಾಣದ ಎತ್ತರ 6,609 ಅಡಿ, ಅಂದರೆ 2,014 ಮೀಟರ್. ನಮ್ಮ ಶಿಖರದ ತುದಿಗಿಂತಲೂ ಎತ್ತರದ ನೆಲದಲ್ಲಿ ಅಲ್ಲಿನ ರನ್‌ವೇ ಇದೆ. ವಿಮಾನ ಓಡಲು ಶುರು ಮಾಡುವುದೇ ಅಲ್ಲಿಂದ, ಮೇಲೇರಬೇಕಾದದ್ದು ಇನ್ನೂ ನಾಲ್ಕೈದು ಸಾವಿರ ಅಡಿ.

ರಜೆಗೆಂದು ಮಗನ ಮನೆಗೋ ಮಗಳ ಮನೆಗೋ ಕ್ಯಾಲಿಫೋರ್ನಿಯಾ, ಫೀನಿಕ್ಸ್, ಡಲ್ಲಾಸ್ ಕಡೆ ಹೋಗುವ ನಮ್ಮವರ ಪಟ್ಟಿಯಲ್ಲಿ ಲಾಸ್ ವೇಗಸ್ ಮತ್ತು ಗ್ರ್ಯಾಂಡ್ ಕ್ಯಾನ್ಯನ್ ಸಾಮಾನ್ಯವಾಗಿ ಒಟ್ಟೊಟ್ಟಿಗೇ ಇರುತ್ತವೆ. ಆ ಕಮರಿ 446 ಕಿ.ಮೀ. ಉದ್ದ, ಕೆಲವೆಡೆ 29 ಕಿ.ಮೀ. ಅಗಲ, ಆಳ 1.6 ಕಿ.ಮೀ.ಗೂ ಹೆಚ್ಚು. ಅಂಚಿನಲ್ಲಿ ನಿಂತು ನೋಡಿದರೆ ಒಂದು ತುಣುಕು ಮಾತ್ರ ಕಾಣುತ್ತದೆ. ಆಂಧ್ರದ ಗಂಡಿಕೋಟ ನೋಡಿದವರಿಗೆ, ಅಂದರೆ ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪೆನ್ನಾರ್ ನದಿ ಕೊರೆದ ಆ ಕೆಂಪು ಕಮರಿಯನ್ನು ಕಂಡವರಿಗೆ, ಕೊಲರಾಡೊ ನದಿಯ ಕೆಲಸ ಎಷ್ಟು ದೊಡ್ಡದೆಂದು ಮೇಲಿನಿಂದ ನೋಡಿದಾಗಲೇ ಅಂದಾಜಾಗುವುದು. ಹಾಗಾಗಿಯೇ ಚಿಕ್ಕ ವಿಮಾನದ ಆಸೆ.

ಅದಕ್ಕೆ ಎರಡು ದಾರಿ. ಪ್ರವಾಸಿ ವಿಮಾನ ಕಂಪನಿಯಲ್ಲಿ ಸೀಟು ಕೊಳ್ಳುವುದು ಒಂದು. ಇನ್ನೊಂದು, ಪೈಲಟ್ ಲೈಸೆನ್ಸ್ ಇರುವ ನಂಟನೋ ಗೆಳೆಯನೋ ನಾಲ್ಕು ಸೀಟಿನ ವಿಮಾನ ಬಾಡಿಗೆಗೆ ಪಡೆದು ಕರೆದೊಯ್ಯುವುದು. ಅಮೆರಿಕದಲ್ಲಿ ವಾರಾಂತ್ಯದಲ್ಲಿ ವಿಮಾನ ಹಾರಿಸುವುದು ಒಂದು ಹವ್ಯಾಸ, ಐ.ಟಿ.ಯಲ್ಲಿರುವ ನಮ್ಮ ಹುಡುಗ ಹುಡುಗಿಯರಲ್ಲೂ ಅದಿದೆ. ಎರಡೂ ದಾರಿಗೆ ಲೆಕ್ಕ ಒಂದೇ. ಕಂಪನಿಯಾದರೆ ಆ ಲೆಕ್ಕವನ್ನು ಬೇರೆಯವರು ಮಾಡಿರುತ್ತಾರೆ. ನಂಟನಾದರೆ, ಅವನು ಮಾಡಿದ್ದಾನೆಯೇ ಎಂದು ಹತ್ತುವವರು ಕೇಳಬೇಕು.

ನೋಟವೇ ಅಪಾಯವಾದ ಎರಡು ದಿನಗಳು

1956ರ ಜೂನ್ 30. ಲಾಸ್ ಏಂಜಲೀಸ್‌ನಿಂದ ಮೂರು ನಿಮಿಷದ ಅಂತರದಲ್ಲಿ ಎರಡು ದೊಡ್ಡ ಪ್ರಯಾಣಿಕ ವಿಮಾನಗಳು ಹೊರಟವು. ಒಂದು ಟಿಡಬ್ಲ್ಯುಎ ಕಂಪನಿಯ ಸೂಪರ್ ಕಾನ್‌ಸ್ಟಲೇಷನ್, ಇನ್ನೊಂದು ಯುನೈಟೆಡ್ ಕಂಪನಿಯ ಡಿಸಿ-7. ಬೆಳಗ್ಗೆ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ 21,000 ಅಡಿಯಲ್ಲಿ ಅವು ಒಂದಕ್ಕೊಂದು ತಗುಲಿದವು. ಎರಡರಲ್ಲೂ ಇದ್ದ 128 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಭಾಗದ ಆಕಾಶದಲ್ಲಿ ಆಗ ರೇಡಾರ್ ನಿಗಾ ಇರಲಿಲ್ಲ. ಎದುರಿಗೆ ಯಾರಿದ್ದಾರೆಂದು ಪೈಲಟ್‌ಗಳೇ ಕಣ್ಣಿಟ್ಟು ನೋಡಿ ತಪ್ಪಿಸಿಕೊಳ್ಳಬೇಕಿತ್ತು. ಅವರು ಪರಸ್ಪರ ಏಕೆ ಕಾಣಲಿಲ್ಲ ಎಂಬುದಕ್ಕೆ ತನಿಖೆ ಖಚಿತ ಉತ್ತರ ಕೊಡಲಿಲ್ಲ, ಸಾಧ್ಯತೆಗಳನ್ನು ಪಟ್ಟಿ ಮಾಡಿತು. ಮೋಡ ಅಡ್ಡ ಬಂದಿರಬಹುದು ಎಂಬುದು ಅದರಲ್ಲಿತ್ತು. ಪ್ರಯಾಣಿಕರಿಗೆ ಕಮರಿಯ ಒಳ್ಳೆಯ ನೋಟ ತೋರಿಸುವುದರಲ್ಲಿ ಪೈಲಟ್‌ಗಳ ಗಮನ ನೆಟ್ಟಿರಬಹುದು ಎಂಬುದೂ ಇತ್ತು.

ಇಂದು ಅಮೆರಿಕದ ಆಕಾಶವನ್ನು ನಿಯಂತ್ರಿಸುವ ಎಫ್‌ಎಎ ಸಂಸ್ಥೆ ಹುಟ್ಟಿದ್ದು 1958ರಲ್ಲಿ. ಅದಕ್ಕೆ ಒತ್ತಡ ತಂದ ದುರಂತಗಳಲ್ಲಿ ಇದು ಮುಖ್ಯವಾದದ್ದು.

ಮೂವತ್ತು ವರ್ಷ ಕಳೆಯಿತು. 1986ರ ಜೂನ್ 18ರಂದು ಅದೇ ಕಮರಿಯ ಮೇಲೆ ಪ್ರವಾಸಿಗರನ್ನು ಹೊತ್ತ ಟ್ವಿನ್ ಆಟರ್ ವಿಮಾನವೂ ಪ್ರವಾಸಿಗರನ್ನು ಹೊತ್ತ ಹೆಲಿಕಾಪ್ಟರೂ ಡಿಕ್ಕಿ ಹೊಡೆದವು. 25 ಮಂದಿ ಸತ್ತರು. ಎರಡೂ ದೃಶ್ಯ ತೋರಿಸುವ ಹಾರಾಟಗಳೇ. ಒಳ್ಳೆಯ ನೋಟ ಸಿಗುವ ಜಾಗ ಎಲ್ಲರಿಗೂ ಒಂದೇ ಆಗಿರುತ್ತದೆ, ಆದ್ದರಿಂದ ಎಲ್ಲರೂ ಅಲ್ಲೇ ಸೇರುತ್ತಾರೆ. ಮರುವರ್ಷ, 1987ರಲ್ಲಿ, ರಾಷ್ಟ್ರೀಯ ಉದ್ಯಾನಗಳ ಮೇಲಿನ ಹಾರಾಟಕ್ಕೆ ಅಮೆರಿಕದ ಸಂಸತ್ತು ಕಾನೂನು ತಂದಿತು. ಗ್ರ್ಯಾಂಡ್ ಕ್ಯಾನ್ಯನ್ ಮೇಲಿನ ಆಕಾಶಕ್ಕೆ ಅದರದೇ ವಿಶೇಷ ನಿಯಮಗಳು ಬಂದದ್ದು ಹೀಗೆ.

ಕಣ್ಣಿಗೆ ಕಾಣದ ಗೋಡೆಗಳು

ಆ ನಿಯಮಗಳನ್ನು ಸರಳವಾಗಿ ಹೀಗೆ ಹೇಳಬಹುದು. ಕಮರಿಯ ಮೇಲಿನ ಬಹುಭಾಗ ಖಾಸಗಿ ವಿಮಾನಗಳಿಗೂ ಪ್ರವಾಸಿ ವಿಮಾನಗಳಿಗೂ ನಿಷಿದ್ಧ. ಮುಖ್ಯ ನಿಷಿದ್ಧ ವಲಯಗಳು ನೆಲದಿಂದ ಸಮುದ್ರ ಮಟ್ಟದ ಲೆಕ್ಕದ 14,500 ಅಡಿಯವರೆಗೆ ಇವೆ. ಅವುಗಳ ನಡುವೆ ಕಮರಿಯನ್ನು ಅಡ್ಡ ದಾಟಲು ನಾಲ್ಕು ಓಣಿಗಳನ್ನು ಬಿಟ್ಟಿದ್ದಾರೆ: ಜುನಿ ಪಾಯಿಂಟ್, ಡ್ರ್ಯಾಗನ್, ಟಕಪ್ ಮತ್ತು ಫಾಸಿಲ್ ಕ್ಯಾನ್ಯನ್ ಕಾರಿಡಾರ್‌ಗಳು. ಖಾಸಗಿ ವಿಮಾನ ಉತ್ತರಕ್ಕೆ ಹೋಗುವಾಗ 11,500 ಇಲ್ಲವೇ 13,500 ಅಡಿಯಲ್ಲಿರಬೇಕು, ದಕ್ಷಿಣಕ್ಕೆ ಬರುವಾಗ 10,500 ಇಲ್ಲವೇ 12,500 ಅಡಿಯಲ್ಲಿ. ಪ್ರವಾಸಿ ಕಂಪನಿಗಳ ಮಾರ್ಗ ಮತ್ತು ಎತ್ತರ ಬೇರೆಯೇ. ಇದಕ್ಕೆಂದೇ ಎಫ್‌ಎಎ ಪ್ರತ್ಯೇಕ ನಕ್ಷೆ ಪ್ರಕಟಿಸುತ್ತದೆ. ಅದರ ಒಂದು ಮುಖ ಕಂಪನಿಗಳಿಗೆ, ಇನ್ನೊಂದು ಮುಖ ಖಾಸಗಿ ಪೈಲಟ್‌ಗಳಿಗೆ. ತಪ್ಪು ಮುಖ ನೋಡಿ ಹೊರಟರೆ ಬೇರೆಯವರ ದಾರಿಯಲ್ಲಿ ಎದುರಾಗುವ ಅಪಾಯವಿದೆ.

ಇದರರ್ಥ ಪ್ರವಾಸಿಗೆ ಏನು? ದಕ್ಷಿಣದ ಅಂಚು ಸುಮಾರು 7,000 ಅಡಿ ಎತ್ತರದಲ್ಲಿದೆ. 10,500 ಅಡಿಯಲ್ಲಿ ಹಾರಿದರೆ ಅಂಚು 3,500 ಅಡಿ ಕೆಳಗೆ, ನದಿ ಸುಮಾರು 8,000 ಅಡಿ ಕೆಳಗೆ. ಬಂಡೆಗಳ ನಡುವೆ ವಿಮಾನ ಹಾವಿನಂತೆ ನುಸುಳುವ ಯೂಟ್ಯೂಬ್ ವಿಡಿಯೊ ನೋಡಿ ಹೋದವರಿಗೆ ಇದು ನಿರಾಸೆ ತರಬಹುದು. ಆದರೆ ಅಷ್ಟು ಎತ್ತರದಿಂದಲೇ ಕಮರಿಯ ಕವಲುಗಳು ಮರದ ಬೇರಿನಂತೆ ಹರಡಿರುವುದು ಕಾಣುವುದು. ಹತ್ತಿರದ ಬಂಡೆ ನೋಡಲು ಕಾಲುದಾರಿಯೇ ಸಾಕು.

ಗ್ರ್ಯಾಂಡ್ ಕ್ಯಾನ್ಯನ್ ಆಚೆಗೂ ಒಂದು ಶಿಷ್ಟಾಚಾರವಿದೆ. ಜಿಯಾನ್, ಕ್ಯಾನ್ಯನ್‌ಲ್ಯಾಂಡ್ಸ್, ಆರ್ಚಸ್‌ನಂಥ ರಾಷ್ಟ್ರೀಯ ಉದ್ಯಾನಗಳ ಮೇಲೆ ನೆಲದಿಂದ ಕನಿಷ್ಠ 2,000 ಅಡಿ ಎತ್ತರದಲ್ಲಿರಿ ಎಂದು ಪೈಲಟ್‌ಗಳಿಗೆ ಕೋರಲಾಗುತ್ತದೆ. ಕೆಳಗೆ ನಡೆಯುವವರು ಮೌನಕ್ಕೆಂದೇ ಅಲ್ಲಿಗೆ ಬಂದಿರುತ್ತಾರೆ, ಪ್ರಾಣಿಗಳೂ ಇವೆ.

ತೆಳು ಗಾಳಿಯ ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಈಗ ಬರೋಣ. ರೆಕ್ಕೆಗೆ ಎತ್ತುವ ಬಲ ಕೊಡುವುದೂ, ಪ್ರೊಪೆಲ್ಲರ್ ಕಚ್ಚಿ ಎಳೆಯುವುದೂ, ಎಂಜಿನ್‌ನಲ್ಲಿ ಪೆಟ್ರೋಲಿನ ಜೊತೆ ಉರಿಯುವುದೂ ಗಾಳಿಯೇ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. ಬಿಸಿಯಾದಷ್ಟೂ ಇನ್ನಷ್ಟು ತೆಳುವಾಗುತ್ತದೆ. ಎರಡನ್ನೂ ಕೂಡಿಸಿ, ‘ಈಗ ಇರುವ ಗಾಳಿ ಎಷ್ಟು ಎತ್ತರದ ಗಾಳಿಗೆ ಸಮ?’ ಎಂದು ಪೈಲಟ್‌ಗಳು ಲೆಕ್ಕ ಹಾಕುತ್ತಾರೆ. ಅದಕ್ಕೆ ಡೆನ್ಸಿಟಿ ಆಲ್ಟಿಟ್ಯೂಡ್ ಎಂದು ಹೆಸರು. ವಿಮಾನಕ್ಕೆ ಗೊತ್ತಾಗುವುದು ಈ ಎತ್ತರವೇ, ನಕ್ಷೆಯಲ್ಲಿ ಬರೆದದ್ದಲ್ಲ.

ಕೈಲೆಕ್ಕ ಸುಲಭ. ಸಮುದ್ರ ಮಟ್ಟದಲ್ಲಿ ಪ್ರಮಾಣಿತ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್, ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿ ಕಡಿಮೆ. ಹಾಗಾಗಿ 6,609 ಅಡಿಯಲ್ಲಿ ಪ್ರಮಾಣಿತ ಉಷ್ಣಾಂಶ ಸುಮಾರು 2 ಡಿಗ್ರಿ. ಅದಕ್ಕಿಂತ ಬಿಸಿ ಇರುವ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಸೇರಿಸಬೇಕು. ಬೇಸಿಗೆಯ ಮಧ್ಯಾಹ್ನ 30 ಡಿಗ್ರಿ ಇದ್ದರೆ 28 ಡಿಗ್ರಿ ಹೆಚ್ಚು, ಅಂದರೆ 3,360 ಅಡಿ. ಕೂಡಿಸಿದರೆ ಸುಮಾರು 10,000 ಅಡಿ. ನೆಲದ ಮೇಲೆ ನಿಂತಿರುವ ವಿಮಾನ ಆಗಲೇ 10,000 ಅಡಿಯ ಗಾಳಿಯಲ್ಲಿದೆ. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಮುಕ್ಕಾಲು ಪಾಲಿನಷ್ಟು, ಸಾಮಾನ್ಯ ಎಂಜಿನ್‌ನ ಶಕ್ತಿಯೂ ಹಾಗೆಯೇ ಇಳಿದಿರುತ್ತದೆ. ಅದೇ ದಿನ ಬೆಳಗ್ಗೆ 10 ಡಿಗ್ರಿ ಇದ್ದಾಗ ಇದೇ ಲೆಕ್ಕ 7,600 ಅಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ರನ್‌ವೇ, ಅದೇ ವಿಮಾನ. ಬದಲಾದದ್ದು ಗಡಿಯಾರ ಮಾತ್ರ.

ಈಗ ಕಾರಿಡಾರ್‌ನ ಎತ್ತರಕ್ಕೆ ಹೋಗಿ. ಆ ಬಿಸಿ ಮಧ್ಯಾಹ್ನ 10,500 ಅಡಿಯಲ್ಲಿ ಉಷ್ಣಾಂಶ 18 ಡಿಗ್ರಿ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ 13,000 ಅಡಿ ದಾಟುತ್ತದೆ. ಬಾಡಿಗೆಗೆ ಸಿಗುವ ಚಿಕ್ಕ ವಿಮಾನಗಳಲ್ಲಿ ಎಲ್ಲೆಡೆ ಕಾಣುವ ಸೆಸ್ನಾ 172ರ ಪ್ರಾಯೋಗಿಕ ಗರಿಷ್ಠ ಎತ್ತರವೇ, ಮಾದರಿಗೆ ತಕ್ಕಂತೆ, ಸುಮಾರು 14,000 ಅಡಿ. ಆ ಎತ್ತರ ಎಂದರೆ ಪೂರ್ತಿ ಶಕ್ತಿ ಕೊಟ್ಟರೂ ನಿಮಿಷಕ್ಕೆ ಬರೀ 100 ಅಡಿ ಏರುವ ಸ್ಥಿತಿ. ಅಂದರೆ ತುಂಬಿದ ಸೆಸ್ನಾ 172 ಆ ಮಧ್ಯಾಹ್ನ ಕಮರಿ ದಾಟುವಾಗ ತನ್ನ ಶಕ್ತಿಯ ತುತ್ತತುದಿಯಲ್ಲಿರುತ್ತದೆ. ಗಾಳಿ ಕೆಳಕ್ಕೆ ತಳ್ಳುವ ಜಾಗ ಸಿಕ್ಕರೆ ಅದನ್ನು ಎದುರಿಸಲು ಅದರ ಬಳಿ ಏನೂ ಉಳಿದಿರುವುದಿಲ್ಲ.

ಇಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಆ ನಿಲ್ದಾಣದ ರನ್‌ವೇ 8,999 ಅಡಿ ಉದ್ದವಿದೆ. ಹತ್ತಿರ ಹತ್ತಿರ ಎರಡೂಮುಕ್ಕಾಲು ಕಿ.ಮೀ. ಅಷ್ಟು ಓಡಿದರೆ ಯಾವ ವಿಮಾನವಾದರೂ ನೆಲ ಬಿಡುತ್ತದೆ. ನೆಲಕ್ಕೆ ಹತ್ತಿರದಲ್ಲಿ ರೆಕ್ಕೆಯ ಕೆಳಗಿನ ಗಾಳಿ ಒಂದಿಷ್ಟು ಆಸರೆ ಕೊಡುತ್ತದೆ. ಆಮೇಲೆ ಏರುವುದೇ ಕಷ್ಟ. ರನ್‌ವೇ ಮುಗಿದ ಮೇಲೆ ಮುಂದೆ ಇರುವುದು ಕಾಡು.

ಇಳಿಯುವಾಗ ಇನ್ನೊಂದು ಕಣ್ಣುಮಾಯೆ. ತೆಳು ಗಾಳಿಯಲ್ಲಿ ಮೀಟರ್ ತೋರಿಸುವ ವೇಗಕ್ಕಿಂತ ನಿಜವಾದ ವೇಗ ಹೆಚ್ಚು. ನೆಲ ಸರ್ರನೆ ಹಿಂದೆ ಸರಿಯುವುದು ಕಂಡು ಪೈಲಟ್ ವೇಗ ತಗ್ಗಿಸಿದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳಬಹುದು. ಮೀಟರನ್ನೇ ನಂಬಬೇಕು. ಹಾಗೆಯೇ ಎತ್ತರದಲ್ಲಿ ಎಂಜಿನ್‌ಗೆ ಹೋಗುವ ಇಂಧನವನ್ನು ಗಾಳಿಗೆ ತಕ್ಕಂತೆ ಕಡಿಮೆ ಮಾಡಬೇಕು, ಟೇಕಾಫ್‌ಗೆ ಮುನ್ನವೇ. ಜುಹುವಿನಂಥ ಸಮುದ್ರ ಮಟ್ಟದ ನಿಲ್ದಾಣದಲ್ಲಿ ಹಾರಿದ ಕೈಗೆ ಈ ಅಭ್ಯಾಸ ಇರುವುದಿಲ್ಲ. ಬೆಂಗಳೂರಿನ ಜಕ್ಕೂರು 3,000 ಅಡಿಯಲ್ಲಿದೆ ನಿಜ, ಆದರೆ ಅದರ ಎರಡರಷ್ಟು ಎತ್ತರದಲ್ಲಿ ವಿಮಾನ ಬೇರೆಯದೇ ಪ್ರಾಣಿ.

ತೂಕ ಕೇಳಿದರೆ ಮುಜುಗರ ಬೇಡ

ಸೆಸ್ನಾ 172ರಲ್ಲಿ ನಾಲ್ಕು ಸೀಟುಗಳಿವೆ. ಹಾಗೆಂದು ನಾಲ್ವರು ಕೂರಬಹುದೇ? ಅದರ ಈಚಿನ ಮಾದರಿಯ ಗರಿಷ್ಠ ತೂಕ 1,157 ಕಿಲೊ. ವಿಮಾನದ ತೂಕ ಕಳೆದರೆ ಜನ, ಸಾಮಾನು, ಇಂಧನ ಎಲ್ಲ ಸೇರಿ ಉಳಿಯುವುದು ಹೆಚ್ಚೆಂದರೆ 400 ಕಿಲೊ. ಟ್ಯಾಂಕ್ ತುಂಬಿಸಿದರೆ ಸುಮಾರು 200 ಲೀಟರ್, 144 ಕಿಲೊ. ಉಳಿದದ್ದು 250 ಕಿಲೊಗಿಂತ ಸ್ವಲ್ಪ ಹೆಚ್ಚು. ತಲಾ 80 ಕಿಲೊದ ಮೂವರಿಗೆ ಅದು ಮುಗಿಯಿತು, ಕ್ಯಾಮೆರಾ ಬ್ಯಾಗ್ ಮತ್ತು ನೀರಿನ ಬಾಟಲಿಗೆ ಚೂರು ಜಾಗ. ಇದು ಕಾನೂನಿನ ಮಿತಿ. ಬಿಸಿ ದಿನದಲ್ಲಿ ಅದರ ಹತ್ತಿರವೂ ಹೋಗಬಾರದು.

ನಮ್ಮ ಮನೆಗಳಲ್ಲಿ ಈ ಲೆಕ್ಕ ಹದಗೆಡುವುದು ಇಲ್ಲೇ. ಅಪ್ಪ ಅಮ್ಮ ಊರಿಂದ ಬಂದಿದ್ದಾರೆ, ಮಗ ಪೈಲಟ್, ಸೊಸೆಗೂ ಆಸೆ. ‘ನಾನು ಸಣಕಲಿ, ಹಿಂದೆ ಮುದುರಿ ಕೂತ್ಕೋತೀನಿ’ ಎನ್ನುತ್ತಾರೆ ಅಮ್ಮ. ಬಂದವರ ಮುಂದೆ ತೂಕದ ಮಾತೆತ್ತಲು ಮಗನಿಗೆ ಸಂಕೋಚ. ಅಷ್ಟು ದೂರದಿಂದ ಬಂದವರಿಗೆ ‘ಇವತ್ತು ಬೇಡ’ ಎನ್ನಲು ಇನ್ನೂ ಸಂಕೋಚ. ಹೋಗಲೇಬೇಕೆಂಬ ಈ ಒತ್ತಡ ಪೈಲಟ್ ತರಬೇತಿಯಲ್ಲಿ ಪಾಠವಾಗಿಯೇ ಇದೆ, ಏಕೆಂದರೆ ಅದು ಜನರನ್ನು ಕೊಂದಿದೆ. ಅದನ್ನು ಇಳಿಸುವುದು ಹಿರಿಯರ ಕೈಯಲ್ಲಿದೆ. ‘ನೀನು ಬೇಡ ಅಂದರೆ ಬೇಡಪ್ಪ, ಬೇಜಾರಿಲ್ಲ’ ಎಂದು ಹಿಂದಿನ ರಾತ್ರಿಯೇ ಹೇಳಿಬಿಡಿ. ನಾಲ್ವರಿದ್ದರೆ ಇಬ್ಬರಂತೆ ಎರಡು ಸುತ್ತು ಮಾಡಿ. ಎರಡನೆಯ ಸುತ್ತಿನ ಹೊತ್ತಿಗೆ ಬಿಸಿಲೇರಿದ್ದರೆ ಅದು ಮರುದಿನ ಬೆಳಗ್ಗೆಗೆ.

ಕಂಪನಿಗಳು ಕಾದಿರಿಸುವಾಗಲೇ ಪ್ರತಿಯೊಬ್ಬರ ತೂಕ ಕೇಳುತ್ತವೆ, ಹತ್ತುವ ಮುನ್ನ ತಕ್ಕಡಿಯ ಮೇಲೂ ನಿಲ್ಲಿಸುತ್ತವೆ. ಯಾರು ಎಲ್ಲಿ ಕೂರಬೇಕೆಂದೂ ಅದೇ ನಿರ್ಧರಿಸುತ್ತದೆ. ಗಂಡ ಹೆಂಡತಿ ಬೇರೆ ಬೇರೆ ಸೀಟಿಗೆ ಹೋಗಬೇಕಾದರೆ ಜಗಳವಾಡಬೇಡಿ. ತೂಕವನ್ನು ಕಡಿಮೆ ಹೇಳುವುದು ಪೈಲಟ್‌ಗೆ ಸುಳ್ಳು ನಕ್ಷೆ ಕೊಟ್ಟಂತೆ.

ಮಧ್ಯಾಹ್ನದ ಆಕಾಶ, ಅಲ್ಲೊಂದು ಮುಂಗಾರು

ಬಿಸಿಲೇರಿದಂತೆ ಕೆಂಪು ಬಂಡೆ ಕಾಯುತ್ತದೆ, ಅದರ ಮೇಲಿನ ಗಾಳಿ ಮೇಲೇಳುತ್ತದೆ, ಪಕ್ಕದ ನೆರಳಿನ ಇಳಿಜಾರಲ್ಲಿ ಕೆಳಗಿಳಿಯುತ್ತದೆ. ಚಿಕ್ಕ ವಿಮಾನ ಈ ಏರಿಳಿತದಲ್ಲಿ ಹಳ್ಳಿಯ ರಸ್ತೆಯ ಜೀಪಿನಂತೆ ಕುಣಿಯುತ್ತದೆ. ಹೊಟ್ಟೆ ತೊಳಸುವುದು ಒಂದು ತೊಂದರೆ. ಕಮರಿಯ ಅಂಚು ದಾಟುವಾಗ ಗಾಳಿ ವಿಮಾನವನ್ನು ಕೆಳಕ್ಕೊತ್ತುವುದು ಅದಕ್ಕಿಂತ ದೊಡ್ಡದು. ಬೆಟ್ಟದ ಸಾಲಿನ ಮಟ್ಟದಲ್ಲಿ ಗಾಳಿ 25 ನಾಟ್ ಮೀರಿದರೆ, ಅಂದರೆ ಗಂಟೆಗೆ ಸುಮಾರು 46 ಕಿ.ಮೀ., ಚಿಕ್ಕ ವಿಮಾನ ಹೊರಡದಿರುವುದೇ ಲೇಸು ಎಂಬುದು ಬೆಟ್ಟ ಪ್ರದೇಶದ ಪೈಲಟ್‌ಗಳ ರೂಢಿಯ ನಿಯಮ.

ಅರಿಜೋನಾಕ್ಕೂ ಮುಂಗಾರು ಇದೆ ಎಂದರೆ ನಮ್ಮಲ್ಲಿ ಅನೇಕರಿಗೆ ಅಚ್ಚರಿ. ಅಲ್ಲಿನ ಹವಾಮಾನ ಇಲಾಖೆ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಮಾನ್ಸೂನ್ ಎಂದೇ ಗುರುತಿಸುತ್ತದೆ. ನಮ್ಮ ಕರಾವಳಿಯ ಜಡಿಮಳೆಯ ಹಾಗಲ್ಲ ಅದು. ಬೆಳಗ್ಗೆ ಶುಭ್ರ ಆಕಾಶ, ಮಧ್ಯಾಹ್ನದ ಹೊತ್ತಿಗೆ ಗೋಪುರದಂಥ ಮೋಡ, ಗುಡುಗು ಸಿಡಿಲು, ಸಂಜೆಗೆ ಮತ್ತೆ ಶಾಂತ. ಮೋಡದಿಂದ ಇಳಿದ ಮಳೆ ಎಷ್ಟೋ ಸಲ ನೆಲ ಮುಟ್ಟುವ ಮೊದಲೇ ಒಣ ಗಾಳಿಯಲ್ಲಿ ಆರಿಹೋಗುತ್ತದೆ. ನೋಡಲು ಅದು ತೂಗುಬಿಟ್ಟ ಬೂದು ಪರದೆ. ಹಾಗೆ ಆರುವಾಗ ಗಾಳಿ ತಣ್ಣಗಾಗಿ, ಭಾರವಾಗಿ, ಒಮ್ಮೆಲೇ ಕೆಳಕ್ಕೆ ಬೀಳುತ್ತದೆ. ಆ ಪರದೆಯ ಕೆಳಗೆ ಹಾರುವುದು ಬೇಡ.

ದೂರದ ಮಳೆ ಏನು ಮಾಡಬಲ್ಲದು ಎಂಬುದಕ್ಕೆ 1997ರ ಆಗಸ್ಟ್ 12ರ ಘಟನೆಯಿದೆ. ಪೇಜ್ ಪಟ್ಟಣದ ಬಳಿಯ ಕಿರಿದಾದ ಆ್ಯಂಟಿಲೋಪ್ ಕ್ಯಾನ್ಯನ್‌ಗೆ ದಿಢೀರನೆ ನೀರು ನುಗ್ಗಿ 11 ಪ್ರವಾಸಿಗರು ಸತ್ತರು. ಮಳೆ ಬಿದ್ದದ್ದು ಅವರು ನಿಂತ ಜಾಗದಲ್ಲಲ್ಲ, ಮೇಲೆ ದೂರದಲ್ಲಿ. ವಿಮಾನ ಪ್ರವಾಸದ ಜೊತೆ ಆ ಕಮರಿಯ ನಡಿಗೆಯನ್ನೂ ಇಟ್ಟುಕೊಂಡವರು ಇದನ್ನು ನೆನಪಿಡಬೇಕು.

ಬೇಸಿಗೆಯಲ್ಲಿ ಕಾಳ್ಗಿಚ್ಚೂ ಇದೆ. 2025ರ ಜುಲೈನಲ್ಲಿ ಉತ್ತರದ ಅಂಚಿನಲ್ಲಿ ಬೆಂಕಿ ಹಬ್ಬಿ, ಹೆಸರಾಂತ ಗ್ರ್ಯಾಂಡ್ ಕ್ಯಾನ್ಯನ್ ಲಾಡ್ಜ್ ಸುಟ್ಟುಹೋಯಿತು. ಬೆಂಕಿ ಇದ್ದಲ್ಲಿ ಹೊಗೆ ನೋಟ ಕೆಡಿಸುವುದಷ್ಟೇ ಅಲ್ಲ, ಬೆಂಕಿ ಆರಿಸುವ ವಿಮಾನಗಳಿಗಾಗಿ ಆಕಾಶದ ಭಾಗಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತಾರೆ. ಆ ಸೂಚನೆಗಳನ್ನು ಹೊರಡುವ ದಿನ ಬೆಳಗ್ಗೆಯೇ ನೋಡಬೇಕು.

ಹಾಗಾದರೆ ಯಾವಾಗ ಹೋಗಬೇಕು? ವಸಂತದಲ್ಲಿ ಗಾಳಿ ಹೆಚ್ಚು, ಬೇಸಿಗೆಯಲ್ಲಿ ಬಿಸಿ ಮತ್ತು ಗುಡುಗು. ನನ್ನ ಮತ ಅಕ್ಟೋಬರ್‌ಗೆ. ದಸರಾ, ದೀಪಾವಳಿಯ ಆಸುಪಾಸಿನಲ್ಲಿ ರಜೆ ಹೊಂದಿಸಿಕೊಳ್ಳಬಲ್ಲವರಿಗೆ ಆಕಾಶವೂ ನೆರಳು ಬೆಳಕೂ ಚೆನ್ನಾಗಿರುತ್ತವೆ. ಮೇ, ಜೂನ್ ರಜೆಯನ್ನೇ ನೆಚ್ಚಿಕೊಂಡವರು ಬೆಳಗಿನ ಮೊದಲ ಹಾರಾಟ ಕೇಳಿ. ಜುನಿ ಮತ್ತು ಡ್ರ್ಯಾಗನ್ ಕಾರಿಡಾರ್‌ಗಳಲ್ಲಿ ಪ್ರವಾಸಿ ಕಂಪನಿಗಳು ಮೇನಿಂದ ಸೆಪ್ಟೆಂಬರ್‌ವರೆಗೆ ಬೆಳಗ್ಗೆ 8ರಿಂದ ಸಂಜೆ 6ರ ನಡುವೆ ಮಾತ್ರ ಹಾರಬಹುದು, ಉಳಿದ ತಿಂಗಳುಗಳಲ್ಲಿ 9ರಿಂದ 5. ಹಾಗಾಗಿ ಕಂಪನಿಯ ವಿಮಾನದಲ್ಲಿ ಅಲ್ಲಿ ಸೂರ್ಯೋದಯ ನೋಡುವ ಆಸೆ ಬಿಡಿ.

ಯಾವ ಗ್ರ್ಯಾಂಡ್ ಕ್ಯಾನ್ಯನ್?

ಟಿಕೆಟ್ ಕೊಳ್ಳುವಾಗ ಬಹಳ ಮಂದಿ ಎಡವುವ ಪ್ರಶ್ನೆ ಇದು. ಲಾಸ್ ವೇಗಸ್‌ನಿಂದ ಅಗ್ಗದಲ್ಲಿ, ಬೇಗ ಮುಗಿಯುವ ಪ್ರವಾಸಗಳು ಹೆಚ್ಚಾಗಿ ಹೋಗುವುದು ವೆಸ್ಟ್ ರಿಮ್‌ಗೆ. ಅದು ರಾಷ್ಟ್ರೀಯ ಉದ್ಯಾನವಲ್ಲ, ಹುವಾಲಪಾಯ್ ಬುಡಕಟ್ಟಿನವರ ನೆಲ. 2007ರಲ್ಲಿ ತೆರೆದ ಗಾಜಿನ ಸ್ಕೈವಾಕ್ ಇರುವುದು ಅಲ್ಲಿ. ಹೆಲಿಕಾಪ್ಟರ್ ಕಮರಿಯ ತಳದಲ್ಲಿ ಇಳಿಯುವುದೂ ಅಲ್ಲಿ ಮಾತ್ರ. ಫೋಟೊಗಳಲ್ಲಿ ನಾವು ಕಾಣುವ, ಪದರ ಪದರವಾಗಿ ಹರಡಿದ ಮಹಾ ಕಮರಿ ಸೌತ್ ರಿಮ್‌ನದು. ರಸ್ತೆಯಲ್ಲಿ ಇವೆರಡರ ನಡುವೆ ಸುಮಾರು ನಾಲ್ಕು ಗಂಟೆಯ ದಾರಿ. ಸೌತ್ ರಿಮ್ ಬೇಕಾದವರು ಅಲ್ಲಿನ ವಿಮಾನ ನಿಲ್ದಾಣದಿಂದ ಹೊರಡುವ, ಇಲ್ಲವೇ ವೇಗಸ್ ಬಳಿಯ ಬೌಲ್ಡರ್ ಸಿಟಿಯಿಂದ ಹೊರಟು ಹೂವರ್ ಅಣೆಕಟ್ಟು, ಲೇಕ್ ಮೀಡ್ ದಾಟಿ ಅಲ್ಲಿಗೆ ಹೋಗುವ ಹಾರಾಟವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ವಿಮಾನವೋ ಹೆಲಿಕಾಪ್ಟರೋ ಎಂದರೆ ವಿಮಾನ ಸಾಮಾನ್ಯವಾಗಿ ಅಗ್ಗ, ಹೆಚ್ಚು ದೂರ ತೋರಿಸುತ್ತದೆ. ರೆಕ್ಕೆ ಮೇಲಿರುವ ಮಾದರಿ ಹೌದೇ ಎಂದು ಕೇಳಿ, ರೆಕ್ಕೆ ಕೆಳಗಿದ್ದರೆ ಅರ್ಧ ಕಮರಿ ಅದರಡಿ ಅಡಗುತ್ತದೆ. ಟ್ವಿನ್ ಆಟರ್, ಸೆಸ್ನಾ ಕ್ಯಾರವಾನ್ ಎರಡಕ್ಕೂ ರೆಕ್ಕೆ ಮೇಲೆ. ಅವುಗಳ ಟರ್ಬೈನ್ ಎಂಜಿನ್ ತೆಳು ಗಾಳಿಯಲ್ಲಿ ಚಿಕ್ಕ ಪಿಸ್ಟನ್ ಎಂಜಿನ್‌ನಷ್ಟು ಸೊರಗುವುದಿಲ್ಲ.

ನಾನಾಗಿದ್ದರೆ ಪೇಜ್ ಪಟ್ಟಣದಿಂದ ಹೊರಡುತ್ತಿದ್ದೆ. ಅರಿಜೋನಾ ಮತ್ತು ಯೂಟಾ ಗಡಿಯ ಈ ಊರಿನ ನಿಲ್ದಾಣ 4,316 ಅಡಿಯಲ್ಲಿದೆ, ಸೌತ್ ರಿಮ್ ನಿಲ್ದಾಣಕ್ಕಿಂತ 2,300 ಅಡಿಯಷ್ಟು ಕೆಳಗೆ. ಮೇಲೇರಿದ ಕೂಡಲೇ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು, ನದಿ ಕುದುರೆ ಲಾಳದಂತೆ ತಿರುಗುವ ಹಾರ್ಸ್‌ಶೂ ಬೆಂಡ್, ನೂರಾರು ಕವಲುಗಳಲ್ಲಿ ನೀರು ಹೊಕ್ಕ ಲೇಕ್ ಪೊವೆಲ್. ಪೂರ್ವಕ್ಕೆ ಸುಮಾರು 120 ಕಿ.ಮೀ. ಹೋದರೆ ನವಾಹೊ ಜನರ ನೆಲದ ಮಾನ್ಯುಮೆಂಟ್ ವ್ಯಾಲಿ. ನಡುವೆ ಸಿಗುವ ನವಾಹೊ ಪರ್ವತ 10,000 ಅಡಿ ಮೀರಿದ್ದು, ಅದರ ಬುಡದ ರೇನ್‌ಬೋ ಬ್ರಿಜ್ ಎಂಬ ಕಲ್ಲಿನ ಕಮಾನು ಅಲ್ಲಿನ ಬುಡಕಟ್ಟುಗಳಿಗೆ ಪವಿತ್ರ. ಗ್ರ್ಯಾಂಡ್ ಕ್ಯಾನ್ಯನ್‌ನ ಬಿಗಿ ನಿಯಮಗಳು ಇಲ್ಲಿಲ್ಲ ಎಂಬುದು ಅನುಕೂಲ, ಆಮಿಷವೂ ಹೌದು. ಕಮರಿಯೊಳಕ್ಕೆ ಇಳಿದು ಹಾರುವ ಹುಚ್ಚು ಬೇಡ. ಗಂಟೆಗೆ 185 ಕಿ.ಮೀ. ವೇಗದಲ್ಲಿ 30 ಡಿಗ್ರಿ ವಾಲಿ ಹಿಂದಕ್ಕೆ ತಿರುಗಲು ಒಂದು ಕಿ.ಮೀ.ಗೆ ಹತ್ತಿರದ ಅಗಲ ಬೇಕು. ಪಕ್ಕದ ಕವಲುಗಳಲ್ಲಿ ಅಷ್ಟು ಜಾಗ ಇರುವುದಿಲ್ಲ. ಅಣೆಕಟ್ಟಿನ ಬಳಿ ವಿದ್ಯುತ್ ತಂತಿಗಳಿವೆ, ಮೇಲಿನಿಂದ ತಂತಿ ಕಾಣುವುದಿಲ್ಲ.

ನಮ್ಮ ಲೈಸೆನ್ಸ್ ಅಲ್ಲಿ ನಡೆಯುತ್ತದೆಯೇ?

ಡಿಜಿಸಿಎ ಕೊಟ್ಟ ಲೈಸೆನ್ಸ್ ಇಟ್ಟುಕೊಂಡು ನೇರವಾಗಿ ಅಮೆರಿಕದಲ್ಲಿ ನೋಂದಾಯಿಸಿದ ವಿಮಾನ ಹಾರಿಸುವಂತಿಲ್ಲ. ಅದರ ಆಧಾರದ ಮೇಲೆ ಎಫ್‌ಎಎಯಿಂದ ಖಾಸಗಿ ಪೈಲಟ್ ಪ್ರಮಾಣಪತ್ರ ಪಡೆಯಬಹುದು. ಮೊದಲು ಪರಿಶೀಲನೆಗೆ ಅರ್ಜಿ, ಎಫ್‌ಎಎ ಡಿಜಿಸಿಎಯನ್ನು ಕೇಳಿ ಖಚಿತಪಡಿಸಿಕೊಳ್ಳುತ್ತದೆ, ಆಮೇಲೆ ಅಲ್ಲಿನ ಕಚೇರಿಗೆ ಖುದ್ದು ಹೋಗಬೇಕು. ಹೊರಡುವ ಮೂರು ತಿಂಗಳ ಮೊದಲೇ ಶುರು ಮಾಡುವುದು ಕ್ಷೇಮ. ಆ ಪತ್ರ ಭಾರತದ ಲೈಸೆನ್ಸ್‌ಗೆ ಜೋತುಬಿದ್ದಿರುತ್ತದೆ, ಇಲ್ಲಿನದು ಸತ್ತರೆ ಅದೂ ಸತ್ತಂತೆ. ಬಾಡಿಗೆ ಕೊಡುವವರು ತಮ್ಮ ಬೋಧಕರ ಜೊತೆ ಒಂದು ಸುತ್ತು ಹಾರಿಸಿ ನೋಡಿಯೇ ಕೀಲಿ ಕೊಡುತ್ತಾರೆ. ಆ ಬೋಧಕರನ್ನೇ ಪ್ರವಾಸಕ್ಕೂ ಜೊತೆಗೆ ಕರೆದೊಯ್ಯುವುದು ಜಾಣತನ. ಒಂದು ಸೀಟು ಹೋಗುತ್ತದೆ, ಆ ಕಮರಿಯ ಗಾಳಿ ಬಲ್ಲ ಕಣ್ಣು ಸಿಗುತ್ತದೆ.

ಖಾಸಗಿ ಪೈಲಟ್ ಆದ ನಂಟ ನಿಮ್ಮಿಂದ ಟಿಕೆಟ್ ಹಣ ಪಡೆಯುವಂತಿಲ್ಲ. ಇಂಧನ, ಬಾಡಿಗೆ ಮುಂತಾದ ವೆಚ್ಚವನ್ನು ಹಂಚಿಕೊಳ್ಳಬಹುದು, ಅವನ ಪಾಲು ಅವನೇ ಕೊಡಬೇಕು. ನೀವು ಭಾರತದಲ್ಲಿ ಮಾಡಿಸಿದ ಪ್ರವಾಸ ವಿಮೆ ಇಂಥ ಖಾಸಗಿ ಹಾರಾಟಕ್ಕೆ ಅನ್ವಯಿಸುತ್ತದೆಯೇ ಎಂದು ಪಾಲಿಸಿಯ ವಿನಾಯಿತಿಗಳ ಪುಟದಲ್ಲಿ ನೋಡಿ, ಏಜೆಂಟರ ಬಾಯಿಮಾತು ಸಾಲದು.

ಆಮ್ಲಜನಕದ ನಿಯಮವನ್ನೂ ಪೈಲಟ್ ಮರೆಯಬಾರದು. 12,500 ಅಡಿ ಮೀರಿ 14,000ದವರೆಗಿನ ಎತ್ತರದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಇದ್ದರೆ ಪೈಲಟ್ ಆಮ್ಲಜನಕ ಬಳಸಲೇಬೇಕು, 14,000 ಮೇಲೆ ಇಡೀ ಹೊತ್ತು. ಕಾರಿಡಾರ್ ದಾಟಲು ಅರ್ಧ ಗಂಟೆ ಬೇಡ, ನಿಜ. ಆದರೆ ಅರವತ್ತು ದಾಟಿದವರಿಗೆ, ಹೃದಯ ಅಥವಾ ಶ್ವಾಸಕೋಶದ ತೊಂದರೆ ಇದ್ದವರಿಗೆ 10,000 ಅಡಿಯೇ ಭಾರವಾಗಬಹುದು. ದೊಡ್ಡ ವಿಮಾನದಂತೆ ಇಲ್ಲಿ ಒಳಗಿನ ಗಾಳಿಯ ಒತ್ತಡ ಹೆಚ್ಚಿಸುವ ವ್ಯವಸ್ಥೆ ಇರುವುದಿಲ್ಲ. ಹೊರಡುವ ಮುನ್ನ ವೈದ್ಯರನ್ನು ಕೇಳಿ, ವಾಂತಿ ತಡೆಯುವ ಮಾತ್ರೆಯ ಬಗ್ಗೆಯೂ ಅವರನ್ನೇ ಕೇಳಿ.

ಹೊರಡುವ ಬೆಳಗ್ಗೆ

ಬ್ಯಾಗಿನಲ್ಲಿ ಕ್ಯಾಮೆರಾಗಿಂತ ಮೊದಲು ನೀರು ಇರಲಿ. ಎಂಜಿನ್ ನಿಂತು ಎಲ್ಲೋ ಇಳಿಯಬೇಕಾದರೆ ಅದು ನೆರಳಿಲ್ಲದ ನೆಲ, ಬೇಸಿಗೆಯಲ್ಲಿ ಕಮರಿಯ ತಳದಲ್ಲಿ 40 ಡಿಗ್ರಿ ಮೀರುತ್ತದೆ. ಟೋಪಿ, ಉದ್ದ ತೋಳಿನ ಅಂಗಿ, ನಡೆಯಬಲ್ಲ ಶೂ ಹಾಕಿಕೊಳ್ಳಿ. ಮೊಬೈಲ್ ಸಿಗ್ನಲ್ ನಂಬಬೇಡಿ, ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನ ಬಾಡಿಗೆಗೂ ಸಿಗುತ್ತದೆ. ಎಲ್ಲ ರನ್‌ವೇಗಳಲ್ಲೂ ಇಂಧನ ಸಿಗದು, ಪೇಜ್ ಮತ್ತು ಸೌತ್ ರಿಮ್ ನಿಲ್ದಾಣಗಳನ್ನು ಆಧಾರವಾಗಿಟ್ಟು ಮಾರ್ಗ ಹಾಕಬೇಕು. ಕಾನೂನು ಹಗಲಿನ ಹಾರಾಟಕ್ಕೆ ಅರ್ಧ ಗಂಟೆಯ ಹೆಚ್ಚುವರಿ ಇಂಧನ ಸಾಕೆನ್ನುತ್ತದೆ. ಆ ಸೀಮೆಯಲ್ಲಿ ಒಂದು ಗಂಟೆಯದ್ದು ಇರಲಿ.

ಗಡಿಯಾರದ ಗೊಂದಲವೊಂದಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೂಡುತ್ತವೆ, ಅರಿಜೋನಾ ಮುಂದೂಡುವುದಿಲ್ಲ. ಅದರೊಳಗೇ ಇರುವ ನವಾಹೊ ನೇಷನ್ ಮುಂದೂಡುತ್ತದೆ, ಪಕ್ಕದ ಯೂಟಾ ಕೂಡ. ಹಾಗಾಗಿ ಬೇಸಿಗೆಯಲ್ಲಿ ಪೇಜ್‌ನಲ್ಲಿ ಬೆಳಗ್ಗೆ 7 ಆದಾಗ ಮಾನ್ಯುಮೆಂಟ್ ವ್ಯಾಲಿಯಲ್ಲಿ 8. ಗಡಿಯ ಹತ್ತಿರ ಫೋನ್ ಯಾವ ಟವರ್ ಹಿಡಿಯಿತೋ ಆ ಸಮಯ ತೋರಿಸುತ್ತದೆ. ಕಾದಿರಿಸುವಾಗ ‘ಪೇಜ್ ಸಮಯವೇ?’ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಕೊನೆಯದು ಖಾಸಗಿ ಪೈಲಟ್‌ಗೆ. ಹೊರಡುವ ಮುನ್ನ ಫ್ಲೈಟ್ ಪ್ಲಾನ್ ಸಲ್ಲಿಸಿ, ಮೇಲೇರಿದ ಮೇಲೆ ಅದನ್ನು ಚಾಲೂ ಮಾಡಿಸಿ. ಕಮರಿ ಸೀಮೆಯಲ್ಲಿ ಕೆಳಗೆ ಹಾರುವಾಗ ರೇಡಿಯೊ ಮತ್ತು ರೇಡಾರ್ ಕೈಕೊಡುವ ಜಾಗಗಳಿವೆ, ನೀವು ಎಲ್ಲಿದ್ದೀರೆಂದು ಅಂದಾಜಿಸಲು ಆ ಪ್ಲಾನ್ ಒಂದೇ ದಾರಿಯಾಗಬಹುದು. ಹೇಳಿದ ಹೊತ್ತು ಕಳೆದು ಅರ್ಧ ಗಂಟೆಯಾದರೂ ನೀವು ಅದನ್ನು ಮುಕ್ತಾಯಗೊಳಿಸದಿದ್ದರೆ ಹುಡುಕಾಟ ಶುರುವಾಗುತ್ತದೆ. ಇಳಿದ ಕೂಡಲೇ ಫೋಟೊ ಕಳಿಸುವ ಮೊದಲು ಆ ಒಂದು ಫೋನ್ ಕರೆ ಮಾಡಿ.